ದೊಡ್ಡಮ್ಮನ ಜೀವಕೋಶ ಪುರಾಣ

ನಮ್ಮ ದೊಡ್ಡಮ್ಮನ ಕಣ್ಣಿಗೆ ಮನುಷ್ಯರು ಕಾಣಿಸುವುದೇ ಇಲ್ಲ! ದೃಷ್ಟಿಗೇನೂ ತೊಂದರೆಯಿಲ್ಲ, ಕಳೆದ ವರ್ಷವಷ್ಟೇ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ. ಆದರೆ ಎದುರಿಗೆ ಹೋಗಿ ನಿಂತರೆ ಅವರಿಗೆ ನೀವು ಲೆಕ್ಕವಿಲ್ಲದಷ್ಟು ಜೀವಕೋಶಗಳ ಒಂದು ಗುಂಪು, ಅದರ ಮೇಲೊಂದು ಷರ್ಟು, ಅಷ್ಟೆ. ರಾಜಾಜಿನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದದ್ದು ಶಾಲೆಯಿಂದ, ಪಾಠದಿಂದಲ್ಲ.

ಒಮ್ಮೆ ಮೆಟ್ರೋ ನಿಲ್ದಾಣಕ್ಕೆ ಕರೆದುಕೊಂಡು ಹೋಗಿದ್ದೆ. ಕಾರ್ಡ್ ತೋರಿಸಿದರೆ ತೆರೆದುಕೊಳ್ಳುವ ಗೇಟು ನೋಡಿದ್ದೇ ತಡ, ಅಲ್ಲೇ ನಿಂತುಬಿಟ್ಟರು. ಪಕ್ಕದಲ್ಲಿದ್ದ ಸೆಕ್ಯೂರಿಟಿಯವನಿಗೆ ಪಾಠ ಶುರು! "ನೋಡಪ್ಪಾ, ಜೀವಕೋಶದ ಪೊರೆಯೂ ಹೀಗೇನೇ. ಬೇಕಾದ್ದನ್ನ ಒಳಗೆ ಬಿಡುತ್ತೆ, ಬೇಡದ್ದನ್ನ ಹೊರಗೇ ನಿಲ್ಲಿಸುತ್ತೆ." ಹಿಂದೆ ಸಾಲು ಬೆಳೆಯಿತು. ಕೊನೆಗೆ ಕಾಲೇಜು ಹುಡುಗಿಯೊಬ್ಬಳು, "ಆಂಟಿ, ನಿಮ್ಮ ಪೊರೆ ನಮ್ಮನ್ನ ಯಾವಾಗ ಒಳಗೆ ಬಿಡುತ್ತೆ? ಟ್ರೈನ್ ಹೋಗ್ತಿದೆ!" ಎಂದಳು. ದೊಡ್ಡಮ್ಮ ನನ್ನತ್ತ ತಿರುಗಿ ಹೆಮ್ಮೆಯಿಂದ, "ನೋಡ್ದ್ಯಾ, ಅರ್ಥ ಆಯ್ತು ಅವಳಿಗೆ!" ಎಂದರು.

ಆರ್‌ಪಿಸಿ ಲೇಔಟ್‌ನಲ್ಲಿರುವ ನಮ್ಮ ಮನೆಗೆ ದೊಡ್ಡಮ್ಮ ಬಂದರೆ ನನ್ನ ಗಂಡನ ಪಾಡು ಕೇಳಬೇಡಿ. ಯುಗಾದಿಯ ದಿನ ಅವರು ಮೂರನೆಯ ಹೋಳಿಗೆಗೆ ಕೈ ಹಾಕಿದ್ದರು.

"ಅಳಿಯಂದ್ರೇ, ಆ ಸಕ್ಕರೆನೆಲ್ಲ ನಿಮ್ಮ ಜೀವಕೋಶ ಶಕ್ತಿ ಮಾಡಿ ಕೊಡುತ್ತೆ, ಸರಿ. ನೀವು ಆ ಶಕ್ತೀಲಿ ಏನು ಮಾಡ್ತೀರಾ? ಟೀವಿ ರಿಮೋಟ್ ಒತ್ತುತ್ತೀರಾ! ಉಳಿದದ್ದು ಹೊಟ್ಟೆ ಸುತ್ತ ಕೊಬ್ಬಾಗಿ ಕೂರುತ್ತೆ. ಏಳಿ, ಮಹಡಿ ಮೆಟ್ಟಿಲು ಹತ್ತಿ ಇಳಿದು ಬನ್ನಿ!"

ಬಡಪಾಯಿ ಐದು ಸಲ ಹತ್ತಿಳಿದು, ಏದುಸಿರು ಬಿಡುತ್ತಾ ಬಂದು ನೋಡಿದರೆ ಆ ಹೋಳಿಗೆ ದೊಡ್ಡಮ್ಮನ ಬಾಯಲ್ಲಿ! "ಪಾಠ ಹೇಳೋದಕ್ಕೂ ಶಕ್ತಿ ಬೇಕಲ್ವಾ?" ಎಂದರು, ಏನೂ ಆಗಿಲ್ಲವೆಂಬಂತೆ.

ಇಂಥವರ ಮುಂದೆ ನಾವು ಮಗುವೊಂದನ್ನು ದತ್ತು ತೆಗೆದುಕೊಳ್ಳುವ ವಿಷಯ ಹೇಳುವುದು ಹೇಗೆ? ಬಾಯಿ ತೆರೆದರೆ ಜೀನು, ವಂಶ, ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಎನ್ನುವ ಹೆಂಗಸು! ಕಾಗದಪತ್ರ ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಕೊನೆಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ: "ಸರಿಯಾಗಿ ನಿದ್ದೆ ಮಾಡುತ್ತಾ?" ಅದರಲ್ಲಿ ಒಪ್ಪಿಗೆ ಇತ್ತೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಮಗಳು ಬಂದಳು. ಒಂದೂವರೆ ವರ್ಷದ ಕೂಸು. ಒಂದು ಭಾನುವಾರ ಹತ್ತಿರದವರನ್ನೆಲ್ಲ ಊಟಕ್ಕೆ ಕರೆದೆವು. ಪಂಕ್ತಿಯಲ್ಲಿ ಕೂತಿದ್ದ ನನ್ನ ಗಂಡನ ಸೋದರತ್ತೆ ಮಗುವನ್ನು ಮೇಲಿಂದ ಕೆಳಗೆ ನೋಡಿ, "ಮುದ್ದಾಗೇನೋ ಇದೆ. ಆದ್ರೂ ಹೊರಗಿನ ರಕ್ತ, ನಾಳೆ ಹೇಗೋ ಏನೋ" ಎಂದರು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ಜೀನು ಗೀನು ಎಲ್ಲ ಓದಿದವರು, ನೀವೇ ಹೇಳಿ ಮೇಡಂ!" ಎಂದರು.

ನನ್ನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು.

ದೊಡ್ಡಮ್ಮ ತುತ್ತನ್ನು ಎಲೆಯಲ್ಲೇ ಇಟ್ಟರು. "ಹೊರಗಿನದು ಅಂದ್ರಾ? ಕೇಳಿ. ನಮ್ಮ ಜೀವಕೋಶಗಳ ಒಳಗೆ ಮೈಟೋಕಾಂಡ್ರಿಯ ಅಂತಿದೆ. ಉಂಡ ಅನ್ನವನ್ನ ಶಕ್ತಿ ಮಾಡಿ ಕೊಡೋದು ಅದೇ. ಕೋಟಿಗಟ್ಟಲೆ ವರ್ಷದ ಹಿಂದೆ ಅದು ಬೇರೆಯದೇ ಒಂದು ಜೀವಿ. ಹೊರಗಿಂದ ಒಳಗೆ ಬಂತು, ಇಲ್ಲೇ ಉಳೀತು. ಇವತ್ತಿಗೂ ಅದರದ್ದೇ ಬೇರೆ ಜೀನ್ ಇದೆ. ಯಾರಾದ್ರೂ ಅದನ್ನ ಹೊರಗಿನದು ಅಂತೀವಾ? ಅದಿಲ್ದೆ ಇದ್ರೆ ನಿಮಗೆ ಈ ಮಾತಾಡೋಕೂ ತ್ರಾಣ ಇರ್ತಿರ್ಲಿಲ್ಲ! ಜೀನ್ ಅವಳು ತಂದಿದ್ದಾಳೆ. ಅನ್ನ, ಮಾತು, ಮುದ್ದು ನಾವು ಕೊಡ್ಬೇಕು. ಎರಡೂ ಸೇರಿದ್ರೇನೇ ಮನುಷ್ಯರಾಗೋದು."

ಸೋದರತ್ತೆ ಮಗುವಿನ ಎಲೆಯತ್ತ ಇಣುಕಿ ನೋಡಿದರು. ಆಮೇಲೆ ನನ್ನನ್ನು ಗದರಿದರು: "ಮಗೂ ಅನ್ನಕ್ಕೆ ತುಪ್ಪ ಹಾಕಿದ್ಯೇನೇ? ಇನ್ನೊಂದು ಮಿಳ್ಳೆ ಹಾಕು!"

ಸಂಜೆ ಹೊರಡುವಾಗ ದೊಡ್ಡಮ್ಮ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ತಡೆದು ನಿಂತರು. ಜೀವಮಾನದಲ್ಲಿ ಮೊದಲ ಸಲ ಅವರ ದನಿ ತಗ್ಗಿತ್ತು.

"ಒಂದು ಮಾತು ಕೇಳ್ಲಾ? ಮಗು ನನ್ನನ್ನ ಏನಂತ ಕರೆಯುತ್ತೆ?"

"ಅಜ್ಜಿ ಅಂತ. ಇನ್ನೇನಂತಾಳೆ ದೊಡ್ಡಮ್ಮಾ?"

ಅವರು ಮದುವೆಯಾದವರಲ್ಲ. ಸಾವಿರಾರು ಮಕ್ಕಳು ಅವರನ್ನು 'ಮಿಸ್' ಎಂದು ಕರೆದಿದ್ದಾರೆ. "ಹೌದಾ," ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅಷ್ಟರಲ್ಲಿ ಮಗಳು ತಪ್ಪುಹೆಜ್ಜೆ ಹಾಕುತ್ತಾ ಬಂದಳು. ಕೈಯಲ್ಲಿ ಜೊಲ್ಲಿನಲ್ಲಿ ನೆನೆದ ಅರ್ಧ ಹಪ್ಪಳ. ದೊಡ್ಡಮ್ಮನ ಮುಖ ನೋಡಿ, ಏನನ್ನಿಸಿತೋ, ಅದನ್ನು ಅವರ ಬಾಯಿಯ ಹತ್ತಿರ ಹಿಡಿದಳು.

ದೊಡ್ಡಮ್ಮ ಬಾಯಿ ತೆರೆದರು. ಕಣ್ಣು ಮುಚ್ಚಿಕೊಂಡು, ನಿಧಾನವಾಗಿ, ಅದನ್ನು ಪೂರ್ತಿ ತಿಂದರು.