ಗಿಡದ ಅಕ್ಕೋರ ಫಜೀತಿ

ಊರಿಗೆ ಬುದ್ಧಿ ಹೇಳುವ ಕೆಲಸ ಒಮ್ಮೆ ಕೊರಳಿಗೆ ಬಿತ್ತೆಂದರೆ, ಹೇಳಿದ ಬುದ್ಧಿ ಒಂದಿಲ್ಲೊಂದು ದಿನ ಹತ್ತು ಮಂದಿಯ ಎದುರಿಗೇ ನಮ್ಮ ಮೇಲೆ ತಿರುಗಿ ಬೀಳುತ್ತದೆ. ನನಗೆ ಇದು ಎಷ್ಟು ಸಲ ಆಗಿದೆಯೆಂದರೆ, ಈಗಲೂ ಯಾರಾದರೂ 'ಪರಿಸರ' ಎಂದರೆ ಸಾಕು, ಕಿವಿ ಬಿಸಿಯಾಗುತ್ತವೆ.

ಎಂಬತ್ತರ ದಶಕದ ನಡುವಿನ ಮಾತು. ಗದಗಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಸರಕಾರಕ್ಕೆ ರಾಜ್ಯದ ಎಲ್ಲ ಶಾಲೆಗಳಲ್ಲೂ ಪರಿಸರ ಶಿಕ್ಷಣ ನಡೆಸಬೇಕೆಂಬ ಮನಸ್ಸಾಯಿತು. ಮನಸ್ಸಿದ್ದಷ್ಟು ಸಾಮಾನು ಇರಲಿಲ್ಲ. ಅದಕ್ಕೇ ಅರ್ಧ ಭಾರ ಸರಕಾರದ್ದು, ಉಳಿದರ್ಧ ಊರಿನ ಉಳ್ಳವರದ್ದು ಎಂದು ಠರಾವಾಯಿತು. ಮೊದಲು ನಮ್ಮ ಕಡೆ ಮಾಡಿ ನೋಡುವುದು, ಸರಿ ಹೋದರೆ ರಾಜ್ಯಕ್ಕೆಲ್ಲ ಹರಡುವುದು. ಸರಕಾರ ಪರದೆಯ ಮೇಲೆ ಚಿತ್ರ ತೋರಿಸುವ ಒಂದು ಪ್ರೊಜೆಕ್ಟರ್ ಕೊಟ್ಟಿತು, ಅದರ ಜೊತೆ ನನ್ನನ್ನು ಕೊಟ್ಟಿತು. ಬೆಟಗೇರಿಯಲ್ಲಿ ಹತ್ತಿಯ ಫ್ಯಾಕ್ಟರಿ ಇಟ್ಟಿದ್ದ ಸಾವಕಾರರೊಬ್ಬರು ಜೀಪು ಕೊಟ್ಟರು, ಅದರ ಜೊತೆ ಡ್ರೈವರನನ್ನು ಕೊಟ್ಟರು. ನಾವು ಹಳ್ಳಿ ಹಳ್ಳಿ ತಿರುಗತೊಡಗಿದ ಮೇಲೆ ಜನ ನನ್ನ ಹೆಸರು ಬಿಟ್ಟು 'ಗಿಡದ ಅಕ್ಕೋರು' ಎಂದು ಕರೆದರು. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುವುದು ಗೌರವವೇ. ಆ ಗೌರವವನ್ನು ನಾನು ಹೇಗೆ ಉಳಿಸಿಕೊಂಡೆ ಎಂಬುದನ್ನು ಕೇಳಿ.

ಸಾಮಾನು ಸಮೇತ

ಮೊದಲ ಭಾಷಣ ಶಿರಹಟ್ಟಿಯ ಒಂದು ಶಾಲೆಯಲ್ಲಿ, ವಾಯುಮಾಲಿನ್ಯದ ಮೇಲೆ. ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

ಸಾವಕಾರರು ದಾನ ಕೊಟ್ಟ ಜೀಪು ಎಂದರೆ ಅವರಿಗೆ ಬೇಡಾಗಿದ್ದ ಜೀಪು. ಒಮ್ಮೆ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವ ಖಾತ್ರಿ ಇರಲಿಲ್ಲ. ಅದಕ್ಕೇ ಡ್ರೈವರ್ ಊರು ಮುಟ್ಟಿದ ಮೇಲೂ ಎಂಜಿನ್ ಬಂದ್ ಮಾಡುತ್ತಿರಲಿಲ್ಲ. ಅವತ್ತು ಬಿಸಿಲು ಜೋರಿತ್ತು. ನೆರಳಿದ್ದದ್ದು ಮಕ್ಕಳನ್ನು ಕೂಡಿಸಿದ್ದ ಕೋಣೆಯ ಕಿಟಕಿಯ ಕೆಳಗೆ ಮಾತ್ರ. ಜೀಪಿನ ಬೆನ್ನು ಕಿಟಕಿಗೆ ಮಾಡಿ ನಿಲ್ಲಿಸಿ ಅವನು ಚಹಾ ಕುಡಿಯಲು ಹೋದ.

ನಾನು ಮಾತು ಸುರು ಮಾಡಿದೆ. ವಾಹನಗಳ ಹೊಗೆ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ಹೇಳುತ್ತಿರುವಾಗಲೇ ಹಿಂದಿನ ಸಾಲಿನಲ್ಲಿ ಒಂದು ಕೆಮ್ಮು ಎದ್ದಿತು. ಆಮೇಲೆ ಸಾಲಿಗೆ ಸಾಲೇ ಕೆಮ್ಮತೊಡಗಿತು. ಕೆಲವು ಹುಡುಗಿಯರು ಕಣ್ಣು ಒರೆಸಿಕೊಳ್ಳುವುದು ಕಂಡು, ನನ್ನ ಮಾತು ಮನಸ್ಸಿಗೆ ತಟ್ಟಿತೆಂದು ಇನ್ನಷ್ಟು ಹುರುಪುಗೊಂಡೆ. ಕಡೆಗೆ ನನಗೇ ಕೆಮ್ಮು ಹತ್ತಿ, ಉಸಿರಿಗಾಗಿ ಕಿಟಕಿ ಕಡೆ ತಿರುಗಿದಾಗ ಜೀಪಿನ ಹೊಗೆಕೊಳವೆ ಕಾಣಿಸಿತು. ಎಲ್ಲರೂ ಅಂಗಳಕ್ಕೆ ಓಡಿದೆವು.

ಬಿಸಿಲಲ್ಲೇ ನಿಂತು ಹೆಡ್ ಮಾಸ್ತರರು ವಂದನಾರ್ಪಣೆ ಮಾಡಿದರು. ಅವರು ಸಂಭಾವಿತರು, ಕುಹಕ ತಿಳಿಯದವರು. ಅದೇ ನನಗೆ ಹೆಚ್ಚು ನಾಚಿಕೆ ತಂದದ್ದು.

"ಇಲ್ಲೀತನಕ ಬಂದವರೆಲ್ಲ ಬರೇ ಬಾಯಿಲೆ ಹೇಳಿ ಹೋಗ್ಯಾರ," ಎಂದರು ಅವರು ಮಕ್ಕಳಿಗೆ. "ಅಕ್ಕೋರು ಸಾಮಾನು ಸಮೇತ ಬಂದಾರ."

ಇಬ್ಬರೂ ಸರಕಾರದವರೇ

ಪ್ರೊಜೆಕ್ಟರ್ ನನಗೊಬ್ಬಳಿಗೇ ಕೊಟ್ಟದ್ದಲ್ಲ. ಕುಟುಂಬ ಯೋಜನೆಯ ಪ್ರಚಾರದವರಿಗೂ ಅದೇ, ನನಗೂ ಅದೇ. ಅವರ ಚಿತ್ರಗಳ ಡಬ್ಬಿಯೂ ಕರಿದು, ನನ್ನದೂ ಕರಿದು. ಮುಂಡರಗಿ ತಾಲೂಕಿನ ಒಂದು ಹಳ್ಳಿಗೆ ಹೋದಾಗ ಡ್ರೈವರ್ ಯಾವ ಡಬ್ಬಿ ಎತ್ತಿಕೊಂಡು ಬಂದನೆಂದು ನಾನು ನೋಡಲಿಲ್ಲ.

ಗುಡಿಯ ಮುಂದೆ ಪಂಚೆ ಕಟ್ಟಿ ಪರದೆ ಮಾಡಿದ್ದರು. ಊರಿನ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತಿದ್ದರು. ನಮಗೆ ತರಬೇತಿ ಕೊಟ್ಟವರು, ಪರದೆ ಕಡೆ ತಿರುಗಬೇಡಿ, ಜನರ ಮುಖ ನೋಡುತ್ತ ಮಾತಾಡಿ ಎಂದು ಹೇಳಿದ್ದರು. ನಾನು ಹಾಗೇ ಪರದೆಗೆ ಬೆನ್ನು ಮಾಡಿ ನಿಂತೆ. ಮೊದಲ ಚಿತ್ರ ಚಿಗರಿಗಳದ್ದು, ಅಂದರೆ ಜಿಂಕೆಗಳದ್ದು, ಎಂದು ನನ್ನ ಲೆಕ್ಕ. ಒಂದು ಕಾಲಕ್ಕೆ ಕಪ್ಪತಗುಡ್ಡದಲ್ಲಿ ಇವು ಹಿಂಡುಹಿಂಡಾಗಿ ಓಡಾಡುತ್ತಿದ್ದವು, ಈಗ ಬಹಳ ಕಡಿಮೆಯಾಗಿವೆ, ಇವು ಹೆಚ್ಚಬೇಕು, ಹೆಚ್ಚಾಗುವುದಕ್ಕೆ ಯಾರೂ ಅಡ್ಡಿ ಮಾಡಬಾರದು ಎಂದೆ. ಪರದೆಯ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು ನಗುತ್ತ ನಿಂತಿದ್ದರು.

ಗಂಡಸರು ಮುಸಿಮುಸಿ ನಗತೊಡಗಿದರು, ಹೆಂಗಸರು ಸೆರಗು ಬಾಯಿಗೆ ಹಿಡಿದರು. ಜನಕ್ಕೆ ರುಚಿ ಹತ್ತಿತೆಂದು ಮುಂದಿನ ಚಿತ್ರ ಹಾಕಿಸಿದೆ. ಅದು ಸಸಿಗಳದ್ದು ಆಗಬೇಕಿತ್ತು. ಮನೆಗೆ ಹತ್ತು ಇದ್ದರೂ ಭಾರವಲ್ಲ, ಮೊದಲ ವರ್ಷ ಒಂದಿಷ್ಟು ಜ್ವಾಕಿ ಮಾಡಿದರೆ ಆಮೇಲೆ ತಾವೇ ಬೆಳೆಯುತ್ತವೆ ಎಂದೆ. ಪರದೆಯ ಮೇಲೆ ಹರಕು ಅಂಗಿಯ ಮಕ್ಕಳು ಸಾಲಾಗಿ ಅಳುತ್ತ ಕೂತಿದ್ದವು. ಆಗ ನನಗಿನ್ನೂ ಮದುವೆಯಾಗಿ ವರ್ಷ ತುಂಬಿರಲಿಲ್ಲ. ತಿರುಗಿ ನೋಡಿದವಳು ಆ ಪಂಚೆಯ ಹಿಂದೆಯೇ ಹೋಗಿ ನಿಂತುಕೊಂಡೆ.

ಮುಂದೆ ಕೂತಿದ್ದ ಒಬ್ಬ ಅಜ್ಜಿ ಮಾತ್ರ ನಗಲಿಲ್ಲ. ಪಂಚೆಯ ಅಂಚು ಸರಿಸಿ ಖರೆ ಚಿಂತೆಯಿಂದ ಕೇಳಿದಳು.

"ಹೋದ ತಿಂಗಳ ಬಂದಾಕಿ ಎರಡ ಸಾಕು ಅಂದ್ಲು. ನೀವು ಹತ್ತ ಇರಲಿ ಅಂತೀರಿ. ಇಬ್ಬರೂ ಸರಕಾರದವರ. ನಮ್ಮ ಸೊಸಿಗೆ ಏನಂತ ಹೇಳ್ಲೆವ್ವಾ?"

ಟೊಪ್ಪಿಗೆ

ಗದಗಿನ ವ್ಯಾಪಾರಸ್ಥರು ಕೂಡಿ ಬಸ್ಸು ಮಾಡಿಕೊಟ್ಟರೆಂದು ಮಕ್ಕಳನ್ನು ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ಒಂದು ಪ್ರೆಸ್ಸಿನವರು ಪುಕ್ಕಟೆಯಾಗಿ ಕಾಗದದ ಟೊಪ್ಪಿಗೆ ಮಾಡಿಕೊಟ್ಟಿದ್ದರು. ಅದರ ಮೇಲೆ ಹಸಿರು ಅಕ್ಷರದಲ್ಲಿ 'ಪ್ರಾಣಿಗಳಿಗೆ ತಿನಿಸು ಕೊಡಬೇಡಿ' ಎಂದು ಅಚ್ಚಾಗಿತ್ತು. ಗೋಂದು ಸಾಲದೆ ಮೈದಾಹಿಟ್ಟು ಕುದಿಸಿ ಅಂಟಿಸಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ. ಜಿಂಕೆಗಳಿಗೆ ವಾಸನೆಯಿಂದಲೇ ಗೊತ್ತಾಯಿತು.

ಜಿಂಕೆಗಳ ಬೇಲಿಗೆ ಬೆನ್ನು ಕೊಟ್ಟು ನಾನು ನಿಯಮಗಳನ್ನು ಹೇಳುತ್ತಿದ್ದೆ. ಮೊದಲು ಹೋದದ್ದು ನನ್ನ ಟೊಪ್ಪಿಗೆಯೇ. ಮಕ್ಕಳು ನಗುತ್ತ ಬೇಲಿಗೆ ಬಾಗಿದರು, ಬಾಗಿದವರದ್ದೆಲ್ಲ ಹೋಯಿತು. ಅಷ್ಟರಲ್ಲಿ ಅಲ್ಲಿನ ಕಾವಲಿನವನು ಓಡಿ ಬಂದು, ಪ್ರಾಣಿಗಳಿಗೆ ತಿನ್ನಿಸುತ್ತಿರುವವರು ಯಾರೆಂದು ಗದರಿದ. ಮಕ್ಕಳೆಲ್ಲ ನನ್ನ ಕಡೆ ಬೊಟ್ಟು ಮಾಡಿದರು. ನಾವು ತಿನ್ನಿಸಬೇಡಿ ಎಂದು ಹೇಳಲಿಕ್ಕೇ ಬಂದವರೆಂದು ತೊದಲುತ್ತ, ಜಿಂಕೆಯ ಬಾಯಿಂದ ಕಸಿದುಕೊಂಡ ಅರ್ಧ ಟೊಪ್ಪಿಗೆಯನ್ನು ಪುರಾವೆಗೆಂದು ಅವನ ಕೈಗೆ ಕೊಟ್ಟೆ. ಅವನು ಅಕ್ಷರ ಕೂಡಿಸಿ ಕೂಡಿಸಿ ಓದಿದ. 'ಪ್ರಾಣಿಗಳಿಗೆ ತಿನಿಸು ಕೊಡ' ಎಂಬುದಷ್ಟೇ ಉಳಿದಿತ್ತು.

"'ಬೇಡಿ' ಅನ್ನೂದನ್ನ ತಿಂದು 'ಕೊಡ' ಅನ್ನೂದನ್ನ ಬಿಟ್ಟಾವ," ಎಂದ. "ನಮ್ಮ ಜಿಂಕಿ ಭಾಳ ಶಾಣ್ಯಾ ಅದಾವರಿ ಅಕ್ಕೋರ."

ಸಾವಕಾರರ ಪಂಜರ

ಲಕ್ಷ್ಮೇಶ್ವರದ ಒಂದು ಓಣಿಯಲ್ಲಿ ಮಕ್ಕಳ ಕೈಯಿಂದ ಸಸಿ ಹಚ್ಚಿಸಿದ್ದೆ. ಸಸಿ ಸರಕಾರದ್ದು, ಅದರ ಸುತ್ತಲಿನ ಕಬ್ಬಿಣದ ಪಂಜರ ಸಾವಕಾರರದ್ದು. ಪಂಜರದ ಮೇಲೆ ಅವರ ಹೆಸರಿನ ತಗಡು ಸಸಿಗಿಂತ ದೊಡ್ಡದಿತ್ತು. ಬೇಸಿಗೆಯಲ್ಲಿ ಸಸಿಗಳು ಒಣಗಿದವು. ಪಂಜರಗಳು ಹುಲುಸಾಗಿದ್ದವು.

ಮಳೆಗಾಲ ಮುಗಿದ ಮೇಲೆ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಸಾವಕಾರರನ್ನು ಕರೆದುಕೊಂಡು ನೋಡಲು ಬಂದರು. ಏನು ಉತ್ತರ ಕೊಡಲಿ ಎಂದು ಯೋಚಿಸುತ್ತ ನಾನು ಹಿಂದೆ ನಡೆದೆ. ನೋಡಿದರೆ ಒಂದು ಪಂಜರದ ತುಂಬ ಹಸಿರು, ಮೇಲೆ ಹಳದಿ ಹೂವು. ಸಾವಕಾರರು ಹಿಗ್ಗಿ ಹೀರೇಕಾಯಿಯಾದರು, ಇದು ಯಾವ ಜಾತಿಯ ಗಿಡವೆಂದು ನನ್ನನ್ನು ಕೇಳಿದರು. ಎದುರು ಮನೆಯಿಂದ ಒಬ್ಬ ಹೆಣ್ಣುಮಗಳು ಉಡಿಯಲ್ಲಿ ಎಳೆಯ ಹೀರೇಕಾಯಿ ತುಂಬಿಕೊಂಡು ಬಂದು ಸಾವಕಾರರ ಮುಂದೆ ಹಿಡಿದಳು.

"ನಿಮ್ಮ ಪಂಜರದ್ದ ರೀ ಇದು," ಎಂದಳು. "ಇನ್ನೊಂದು ಕೊಡಸ್ರಿ, ಹಾಗಲಬಳ್ಳಿ ಹಬ್ಬಸ್ತೀನಿ."

ಗಿಡಕ್ಕೆ ಕೊಡಲಿ

ಇಷ್ಟೆಲ್ಲ ಆದರೂ ಮಾನ ಒಂದಿಷ್ಟು ಉಳಿದಿತ್ತು. ಅದು ಹೋದದ್ದು ಗದಗಿನಲ್ಲಿ.

ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ನಮ್ಮ ಕೆಲಸ ನೋಡಿ, ಯೋಜನೆಯನ್ನು ರಾಜ್ಯಕ್ಕೆಲ್ಲ ಹರಡುವುದೋ ಇಲ್ಲೇ ಮುಚ್ಚುವುದೋ ಎಂದು ಹೇಳುವವರು ಅವರೇ. ಆ ದಿನಕ್ಕೆಂದು ಒಂದು ಚಿಕ್ಕ ನಾಟಕ ಕಟ್ಟಿದ್ದೆ. ಕಟ್ಟಿಗೆ ಕಡಿಯುವವನು ಕೊಡಲಿ ಎತ್ತುತ್ತಾನೆ, ಗಿಡ ನನ್ನನ್ನು ಉಳಿಸಿರಿ ಎಂದು ಕೂಗುತ್ತದೆ, ಮಕ್ಕಳು ಓಡಿ ಬಂದು ಗಿಡವನ್ನು ಅಪ್ಪಿಕೊಳ್ಳುತ್ತಾರೆ. ಸಿರ್ಸಿ ಕಡೆ ಜನ ಹೀಗೆ ಮರ ಉಳಿಸಿದರೆಂದು ಆಗ ಪೇಪರಿನಲ್ಲಿ ಬರುತ್ತಿತ್ತು. ಕಟ್ಟಿಗೆ ಕಡಿಯುವವನ ಪಾರ್ಟು ನಮ್ಮ ಜೀಪಿನ ಡ್ರೈವರನದು. ಗಿಡದ ಪಾರ್ಟು ಹತ್ತನೆಯ ತರಗತಿಯ ಎತ್ತರದ ಹುಡುಗಿಯೊಬ್ಬಳದು.

ಅವತ್ತು ಮುಂಜಾನೆ ಆ ಹುಡುಗಿಗೆ ಗದ್ದ ಬಾತು ಜ್ವರ ಬಂದಿತು. ಗೋಣಿತಾಟಿನಲ್ಲಿ ಹೊಲಿದ ಬೊಡ್ಡೆಯ ವೇಷ ಅಳತೆಗೆ ಸರಿಯಾದದ್ದು ನನಗೊಬ್ಬಳಿಗೇ. ತಲೆಗೆ, ಮುಖಕ್ಕೆ ಬೇವಿನ ತೊಪ್ಪಲು ಕಟ್ಟಿಕೊಂಡು, ಯಾರಿಗೂ ಗುರುತು ಸಿಗುವುದಿಲ್ಲವೆಂಬ ಧೈರ್ಯದ ಮೇಲೆ ವೇದಿಕೆಯ ನಡುವೆ ಹೋಗಿ ನಿಂತೆ.

ಗುರುತು ಸಿಗಬಾರದೆಂದು ನಾನು ಹೆದರಿದ್ದು ನಮ್ಮ ಅತ್ತೆಗೆ. ನಮ್ಮದು ತಲೆತಲಾಂತರದಿಂದ ಗುಡಿಯ ಪೂಜೆಯ ಮನೆತನ. ಸೊಸೆ ಜೀಪಿನಲ್ಲಿ ಊರೂರು ತಿರುಗುವುದು ಅವರಿಗೆ ಸೇರುತ್ತಿರಲಿಲ್ಲ. ಆದರೆ ದೊಡ್ಡ ಸಾಹೇಬರು ನಿಮ್ಮ ಸೊಸೆಯ ಕೆಲಸ ನೋಡಲು ಬರುತ್ತಾರೆಂದು ಓಣಿಯವರು ಹೇಳಿದ್ದರಿಂದ, ಅವರು ಆವತ್ತು ಇಳಕಲ್ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾಟಕ ಗೀಟಕ ಎಂದೂ ನೋಡಿದವರಲ್ಲ.

ಡ್ರೈವರ್ ಬಂದು ಕೊಡಲಿ ಎತ್ತಿದ. ಕೊಡಲಿ ಖರೆಯದೇ. ನಾನು ದನಿ ಬದಲಿಸಿ, ಉಳಿಸಿರಿ ಎಂದು ಕೂಗಿದೆ. ಮಕ್ಕಳು ಬರಲಿಲ್ಲ. ಮತ್ತೆ ಕೂಗಿದೆ. ಸಾವಕಾರರು ಪರದೆಯ ಹಿಂದೆ ಅದೇ ಹೊತ್ತಿಗೆ ಬುಂದಿಲಾಡಿನ ಬುಟ್ಟಿ ಬಿಚ್ಚಿದ್ದರು, ಗಿಡ ಉಳಿಸುವವರೆಲ್ಲ ಅಲ್ಲಿ ಪಾಳಿ ಹಚ್ಚಿದ್ದರು. ಇದು ನನಗೆ ಆಮೇಲೆ ತಿಳಿಯಿತು. ಏನು ಮಾಡಬೇಕೆಂದು ತಿಳಿಯದೆ ಡ್ರೈವರ್ ತನ್ನ ಮಾತನ್ನೇ ತಿರುಗಿ ಹೇಳಿದ, ಕಡಿದೇ ಬಿಡುತ್ತೇನೆ ಎಂದು ಒಂದು ಹೆಜ್ಜೆ ಮುಂದೆ ಬಂದ. ಕೊಡಲಿ ನನ್ನ ತಲೆಯ ಮೇಲೆಯೇ ಇತ್ತು, ಜಾರಿ ಬಿದ್ದರೆ ಗತಿಯೇನೆಂದು ನನಗೆ ಖರೆಯಾಗಿಯೇ ಹೆದರಿಕೆ ಬಂತು. ಬದಲಿಸಿದ ದನಿ ಮರೆತು, ನನ್ನದೇ ದನಿಯಲ್ಲಿ ಚೀರಿದೆ.

ಆ ದನಿ ನಮ್ಮ ಅತ್ತೆಗೆ ಗುರುತು ಸಿಕ್ಕಿತು.

ಮೊಣಕಾಲು ನೋವೆಂದು ಮನೆಯ ಮೆಟ್ಟಿಲು ಹತ್ತಲು ನನ್ನ ಹೆಗಲು ಹಿಡಿಯುತ್ತಿದ್ದವರು, ಒಂದೇ ಉಸಿರಿಗೆ ವೇದಿಕೆ ಹತ್ತಿ ಬಂದರು. "ಏ ಭಾಡ್ಯಾ, ನಮ್ಮನಿ ಸೊಸಿ ಮ್ಯಾಲೆ ಕೊಡ್ಲಿ ಎತ್ತತೀಯೇನು?" ಎಂದು ಡ್ರೈವರನ ಕೈಯಿಂದ ಕೊಡಲಿ ಕಸಿದು ಒಗೆದರು. ಆಮೇಲೆ ನನ್ನನ್ನು, ಗೋಣಿತಾಟು ಬೇವಿನ ತೊಪ್ಪಲು ಸಮೇತ, ಎರಡೂ ಕೈಯಿಂದ ಗಟ್ಟಿಯಾಗಿ ಅಪ್ಪಿಕೊಂಡು ನಿಂತರು. ಮಡಿಯ ಹೆಂಗಸು. ಮದುವೆಯಾಗಿ ಬಂದಾಗಿನಿಂದ ನನ್ನನ್ನು ಅವರು ಹಾಗೆ ಹಿಡಿದುಕೊಂಡದ್ದು ಅದೇ ಮೊದಲು. ಜನರೆಲ್ಲ ಎದ್ದು ನಿಂತು ನಗುತ್ತಿದ್ದರು. ನನಗೆ ನಾಚಿಕೆಯಿಂದ ಮೈ ಹಿಡಿಯಾಗಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ತೊಪ್ಪಲು ಇದ್ದದ್ದಕ್ಕೆ ಯಾರಿಗೂ ಕಾಣಲಿಲ್ಲ.

ಆಗ ಬೆಂಗಳೂರಿನ ಅಧಿಕಾರಿಗಳು ಚಪ್ಪಾಳೆ ತಟ್ಟುತ್ತ ವೇದಿಕೆಗೆ ಬಂದರು. ಅವರಿಗೆ ಇದೂ ನಾಟಕದ ಒಂದು ಭಾಗವೇ. ಮುಪ್ಪಿನವರವರೆಗೂ ತಿಳಿವಳಿಕೆ ಮುಟ್ಟಿದೆ, ಸರಕಾರ ಮತ್ತು ಸಾರ್ವಜನಿಕರು ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ, ಈ ಯೋಜನೆ ರಾಜ್ಯಕ್ಕೆಲ್ಲ ಹೋಗಲೇಬೇಕು ಎಂದು ಅಲ್ಲೇ ಸಾರಿಬಿಟ್ಟರು. ಮುಂದೆ ಅದು ಖರೆಯಾಗಿ ಬೇರೆ ಜಿಲ್ಲೆಗಳಿಗೂ ಹೋಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಚಲೋ ಇತ್ತು. ಅವರು ಮೈಕನ್ನು ನಮ್ಮ ಅತ್ತೆಯ ಬಾಯಿಗೆ ಹಿಡಿದು, ಈ ಗಿಡವನ್ನು ನೀವು ಯಾಕೆ ಉಳಿಸಿದಿರಿ, ಮಕ್ಕಳಿಗೆ ನಾಲ್ಕು ಮಾತು ಹೇಳಿರಿ ಎಂದರು.

ನಮ್ಮ ಅತ್ತೆ ನನ್ನನ್ನು ಬಿಡದೆ, ಒಂದು ಕೈಯಿಂದ ಸೆರಗು ಸರಿ ಮಾಡಿಕೊಂಡರು.

"ಗಿಡದ ಸುದ್ದಿ ನನಗ ಗೊತ್ತಿಲ್ಲರಿ ಸಾಹೇಬ್ರ," ಎಂದರು, ಮೈಕಿನಲ್ಲಿ, ಇಡೀ ಗದಗಿಗೆ ಕೇಳುವಂತೆ. "ಇಕಿ ಹೋದ್ರ ನಾಳೆ ಮುಂಜಾನೆ ರೊಟ್ಟಿ ಬಡಿಯೋರು ಯಾರು?"