ಮೂರು ಬ್ಯಾಂಡು, ಒಂದೇ ಆಂಟೆನಾ, ಮ್ಯಾಲ ಗಿಣಿ ಹಿಂಡು

ನೀವು ಇದನ್ನ ನಂಬಂಗಿಲ್ಲ. ನಂಬಬ್ಯಾಡ್ರಿ, ನನಗೇನೂ ನುಕ್ಸಾನಿಲ್ಲ. ವಾಡಿಯೊಳಗ ಹ್ಯಾಮ್ ರೇಡಿಯೋ ಹಚ್ಚಿ, ಮನ್ಯಾಗ ಕುಂತು ಪರದೇಶದವರ ಜೋಡಿ ಮಾತಾಡೋ ಶಾಣ್ಯಾ ನಾನೊಬ್ಬನೇ. ಮನ್ಯಾಗಿನವರ ಜೋಡಿ ಮಾತಾಡೋದು ಅಷ್ಟು ಸಲೀಸಲ್ಲ, ಅದು ಬ್ಯಾರೆ ಮಾತು.

ಬ್ಯಾಂಡ್ ಅಂದ್ರ ಗಾಳ್ಯಾಗಿನ ಹಾದಿ. ಮುಂಜಾನೆ ಒಂದು ತೆರೀತದ, ಸಂಜಿಗೆ ಇನ್ನೊಂದು. ನಮ್ಮ ಮಾಳಿಗಿ ಮ್ಯಾಲ ಮೂರು ಬ್ಯಾಂಡಿಗೆ ಮೂರು ಆಂಟೆನಾ ಇದ್ವು. ಜ್ವಾಳ ಒಣಹಾಕಾಕ ಹೋದ ನಮ್ಮಾಕಿ ಶಾಂತಾಬಾಯಿ ಕುತ್ತಿಗಿಗೆ ಒಂದಿನ ತಂತಿ ಸಿಕ್ತು. "ಐತಾರದೊಳಗ ಒಂದೇ ಉಳೀಬೇಕು ನೋಡ್ರಿ. ಇಲ್ಲಂದ್ರ ರೇಡಿಯೋ ಸೈತ ಗುಜರಿಗೆ ಹಾಕ್ತೀನಿ" ಅಂದ್ಲು.

ಸೇಡಂದಿಂದ ಗೆಳೆಯ ಬಸಣ್ಣ ಬಂದ. ಅಂವಂದೂ ಇದೇ ಹುಚ್ಚು, ಬುದ್ಧಿ ಮಾತ್ರ ಜರಾ ಕಮ್ಮಿ. "ಮೂರು ಬ್ಯಾಂಡು ಒಂದರ ಮ್ಯಾಲ? ಆಗಂಗಿಲ್ಲೋ ಮುದುಕಾ!" ಅಂದ. "ನೋಡ್ಲೇ ಮಗನ" ಅಂದೆ. ಒಂದೊಂದು ಬ್ಯಾಂಡಿಗೆ ಒಂದೊಂದು ಉದ್ದದ ತಂತಿ ಬೇಕು. ಎಲ್ಲಾ ನಡುವ ಒಂದೇ ಕಡೆ ಕೂಡಿಸಿ, ಅಲ್ಲಿಂದ ಒಂದೇ ಕೇಬಲ್ ಕೆಳಗ ಬಿಡಬೇಕು. ಮೂರು ಮಂದಿ ಅಣ್ಣತಮ್ಮರು ಒಂದೇ ಬಾಗಲದಾಗ ಓಡಾಡಿದಂಗ. ಆದ್ರ ಒಬ್ಬರ ಮೈ ಒಬ್ಬರಿಗೆ ತಾಕಬಾರದು. ಅದಕ್ಕ ನಡುನಡುವ ಅಡ್ಡ ಕಡ್ಡಿ ಕಟ್ಟಬೇಕು. ಮಂದಿ ಪ್ಲಾಸ್ಟಿಕ್ ಪೈಪ್ ತರ್ತಾರ. ನಾ ಗುಂಡಗುರ್ತಿ ಬೀಗರ ಹೊಲದಾಗಿನ ತೊಗರಿ ಕಟಿಗಿ ತಂದು ಕಟ್ಟಿದೆ. ಅವಸರದಾಗ ಕಾಯಿ ಬಿಡಿಸ್ಲಿಲ್ಲ.

ಐತಾರ ಮುಂಜಾನೆ ರೇಡಿಯೋ ಹಚ್ಚಿದ್ರ ಒಂದು ಬ್ಯಾಂಡೂ ಹತ್ತವಲ್ದು. ಮ್ಯಾಲ ಹೋಗಿ ನೋಡಿದ್ರ ಗಿಣಿ ಹಿಂಡು! ಸಾಲಾಗಿ ಕುಂತು ತೊಗರಿಕಾಯಿ ಸುಲೀಲಿಕತ್ತಾವ. ಕಡ್ಡಿ ತಿರುಗಿ, ತಂತಿ ಜೋತುಬಿದ್ದು, ಒಂದಕ್ಕೊಂದು ಅಪ್ಕೊಂಡಾವ. "ವಾಹ್! ಮೂರೂ ಒಂದಾದ್ವಲ್ಲೋ!" ಅಂದ ಬಸಣ್ಣ. ಅಷ್ಟೊತ್ತಿಗೆ ಶಾಂತಾಬಾಯಿ ಕತ್ರಿ ಹಿಡ್ಕೊಂಡು ಮ್ಯಾಲ ಬಂದ್ಲು. ನಾ ಬಿಡ್ತೀನೇನ್ರಿ? "ಇದು ಸೈನ್ಸ್, ನಿನಗ ತಿಳಿಯಂಗಿಲ್ಲ, ಕೆಳಗ ನಡಿ" ಅಂತ ಗದರಿಸಿದೆ. ಆಕಿ ತುಟಿ ಪಿಟ್ ಅನ್ನಲಾರದ ಇಳಿದು ಹೋದ್ಲು. ಕಾಯಿ ಎಲ್ಲಾ ಬಿಡಿಸಿದ್ದಾಯ್ತು, ಗಿಣಿ ಹೋದ್ವು, ತಂತಿ ಬಿಗಿ ಆತು. ಸಂಜಿ ಆಗೋತನಕ ಮೂರೂ ಬ್ಯಾಂಡಿನ್ಯಾಗ ಮಂದಿ ನನಗ ಉತ್ತರ ಕೊಟ್ರು. ಬಸಣ್ಣ ಉಪ್ಪು ಹಾಕಿ ಕುದಿಸಿದ ತೊಗರಿಕಾಯಿ ತಿನಕೋತ ಕುಂತ.

ಗಿಣಿ ಖರೇ, ತೊಗರಿ ಖರೇ, ಮೂರು ಬ್ಯಾಂಡೂ ಖರೇ. ಸುಳ್ಳು ಅಂದ್ರ ಒಂದೇ. ತುಟಿ ಪಿಟ್ ಅನ್ನಲಾರದ ಕೆಳಗ ಇಳಿದು ಹೋದದ್ದು ಆಕಿ ಅಲ್ಲ, ನಾನು. ಮ್ಯಾಲ ನಿಂತು, ಅದೇ ಕತ್ರಿಲೆ ಕಾಯಿ ಬಿಡಿಸಿ ನನ್ನ ಆಂಟೆನಾ ಉಳಿಸಿದವರು ಯಾರು ಅಂತ ಮಾತ್ರ ಬಸಣ್ಣನ್ನ ಕೇಳಬ್ಯಾಡ್ರಿ.