ಬ್ರೋಕರಿಗೊಂದು ಪ್ರಶ್ನೆಪತ್ರಿಕೆ

ಕಾಲೇಜಿನಲ್ಲಿ ನಿವೃತ್ತಿಯವರೆಗೂ ತರ್ಕಶಾಸ್ತ್ರ ಕಲಿಸಿದವಳು ನಾನು. ನನ್ನನ್ನು ಮಾತಿನಲ್ಲಿ ಮರುಳು ಮಾಡುವ ಬ್ರೋಕರ್ ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೆ ಹುಡುಕಿ ಫೇಲು ಮಾಡುತ್ತೇನೆ ಎಂದು ಊಟಕ್ಕೆ ಕುಳಿತಾಗ ಘೋಷಿಸಿದೆ.

ಘೋಷಣೆಗೆ ಕಾರಣವಿತ್ತು. ನಮ್ಮಿಬ್ಬರ ಠೇವಣಿಯ ಅವಧಿ ಮುಗಿದಿತ್ತು. ಬಸ್ ಡಿಪೋದ ಮ್ಯಾನೇಜರಾಗಿ ನಿವೃತ್ತರಾದ ನನ್ನ ಯಜಮಾನರ ಕಣ್ಣು ಬೀದಿಯ ಕೊನೆಯ ಒಂದು ಅಂಗಡಿಯ ಮೇಲೆ ಬಿದ್ದಿತ್ತು. ಅವರ ಹಳೆಯ ಸಹೋದ್ಯೋಗಿಯದು. ಕೊಂಡು ಬಾಡಿಗೆಗೆ ಕೊಡುವ ಯೋಚನೆ. ಬಾಡಿಗೆದಾರರ ನಲ್ಲಿ ಸೋರಿದರೆ ಮಾಲೀಕರ ನಿದ್ದೆ ಸೋರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ರೀಟ್ ಕೊಳ್ಳೋಣ ಎಂದೆ.

"ಹಾಗಂದ್ರೇನು?"

"ದೊಡ್ಡ ದೊಡ್ಡ ಆಫೀಸು ಕಟ್ಟಡಗಳು ಒಂದು ಟ್ರಸ್ಟಿನ ಕೈಲಿರತ್ತೆ. ನಾವು ಅದರ ಷೇರು ತಗೊಳ್ಳೋದು. ಬಾಡಿಗೇಲಿ ನಮಗೂ ಪಾಲು. ಮೋರಿ ಕಟ್ಟಿಕೊಂಡ್ರೆ ನಮ್ಮನ್ನ ಯಾರೂ ಕರೆಯಲ್ಲ."

"ಮನೇಲಿ 'ರೀ' ಅಂತ ಒಬ್ಬ ಇದೀನಲ್ಲ, ಇನ್ನು 'ರೀಟ್' ಬೇರೆ ಯಾಕೆ? ನಂಗೆ ಕೈಲಿ ಮುಟ್ಟೋಕೆ ಗೋಡೆ ಬೇಕು ಕಣೇ."

ಕೊನೆಗೆ ಒಪ್ಪಂದವಾಯಿತು. ಶನಿವಾರ ಸಂಜೆಯೊಳಗೆ ನಾನು ಆನ್‌ಲೈನ್ ಬ್ರೋಕರ್ ಒಬ್ಬರನ್ನು ಆರಿಸಿ ಖಾತೆ ತೆರೆದರೆ ಹಣ ರೀಟ್‌ಗೆ. ಇಲ್ಲದಿದ್ದರೆ ಅಂಗಡಿಗೆ.

ಸಾಮಾನ್ಯ ಜನ ಬ್ರೋಕರುಗಳ ಶುಲ್ಕ ಹೋಲಿಸಿ ನೋಡುತ್ತಾರೆ. ನಾನು ಪ್ರಶ್ನೆಪತ್ರಿಕೆ ತಯಾರಿಸಿದೆ. "ಕಟ್ಟಡ ಓಡಿಹೋಗುವುದಿಲ್ಲ, ಆದ್ದರಿಂದ ರೀಟ್ ಸುರಕ್ಷಿತ. ಈ ವಾದದ ದೋಷವನ್ನು ಗುರುತಿಸಿ." "ನಿಮ್ಮ ಕಂಪನಿ ಮುಚ್ಚಿದರೆ ನನ್ನ ಷೇರು ಎಲ್ಲಿರುತ್ತದೆ? ಐದು ವಾಕ್ಯ ಮೀರದಂತೆ ಉತ್ತರಿಸಿ." ಇದನ್ನು ಎಲ್ಲ ಬ್ರೋಕರುಗಳ ಸಹಾಯವಾಣಿಗೂ ಕಳಿಸಿದೆ.

ಒಬ್ಬರು ಉತ್ತರದ ಬದಲು ಹೂವಿನ ಚಿತ್ರ ಕಳಿಸಿದರು. ಸೊನ್ನೆ. ಇನ್ನೊಬ್ಬರು ನನ್ನನ್ನು 'ಸರ್' ಎಂದರು. ಅಂಕ ಕಡಿತ. ಮತ್ತಿಬ್ಬರ ಉತ್ತರಗಳು ಅಕ್ಷರಶಃ ಒಂದೇ ಆಗಿದ್ದವು. ನಕಲು, ಇಬ್ಬರೂ ಡಿಬಾರ್.

"ಲೇ, ಅವರೇನು ನಿನ್ನ ಕಾಲೇಜಿಗೆ ಸೇರೋಕೆ ಬಂದಿಲ್ಲ. ನೀನು ಅವರ ಬಾಗಿಲಿಗೆ ಹೋಗಿರೋದು," ಎಂದರು ಯಜಮಾನರು.

"ಬಾಗಿಲು ಯಾರದಾದ್ರೂ ಪರೀಕ್ಷೆ ನನ್ನದು."

ಶುಕ್ರವಾರ ಒಂದು ಸಹಾಯವಾಣಿಯ ಹುಡುಗಿ ಪಾಸಾದಳು. ಷೇರು ನನ್ನ ಹೆಸರಿನಲ್ಲಿ ಬೇರೆ ಸಂಸ್ಥೆಯ ಸುಪರ್ದಿಯಲ್ಲಿರುತ್ತದೆ, ತಮ್ಮ ಕಂಪನಿಯವರು ಬರೀ ಬಾಗಿಲು ಕಾಯುವವರು ಎಂದು ಬರೆದಿದ್ದಳು. ಕಟ್ಟಡ ಓಡುವುದಿಲ್ಲ, ಬಾಡಿಗೆದಾರರು ಓಡಬಹುದು ಎಂದೂ ಸೇರಿಸಿದ್ದಳು. ಪ್ರಥಮ ದರ್ಜೆ ಕೊಟ್ಟು, ಆ ಬ್ರೋಕರನ್ನೇ ಆರಿಸಿದೆ.

ಶನಿವಾರ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿ ನೋಡಲು ಹೊರಟರು. "ಖಾತೆ ಆದ್ರೆ ಫೋನ್ ಮಾಡು. ಇಲ್ಲಾಂದ್ರೆ ಅಡ್ವಾನ್ಸ್ ಕೊಟ್ಟೇ ಬರ್ತೀನಿ."

ನಾನು ಟ್ಯಾಬ್ಲೆಟ್ ಮುಂದೆ ಕುಳಿತೆ. ಮುಖ ಪರಿಶೀಲನೆ ಎಂದಿತು. ಎಡಕ್ಕೆ ತಿರುಗಿ ಎಂದಿತು, ತಿರುಗಿದೆ. ಕಣ್ಣು ಮಿಟುಕಿಸಿ ಎಂದಿತು, ಮಿಟುಕಿಸಿದೆ. ಮುಂದಿನ ಆಜ್ಞೆ: ನಗಿ.

ನಾನು ಯಂತ್ರವನ್ನು ನೋಡಿದೆ. ಯಂತ್ರ ನನ್ನನ್ನು ನೋಡಿತು. ಯಾವ ಆಧಾರದ ಮೇಲೆ ನಗಬೇಕು? ತುಟಿಯ ಎರಡು ತುದಿಗಳನ್ನು ಮೇಲೆತ್ತಿದೆ. ಒಪ್ಪಲಿಲ್ಲ. ಹಲ್ಲು ತೋರಿಸಿದೆ. 'ಮುಖದ ಮುಂದಿರುವ ವಸ್ತುವನ್ನು ತೆಗೆಯಿರಿ' ಎಂದಿತು.

ಪ್ರಥಮ ದರ್ಜೆಯ ಹುಡುಗಿಗೆ ಫೋನ್ ಮಾಡಿದೆ.

"ಮೇಡಂ, ಕೆಲವರು ಬೇರೆಯವರ ಫೋಟೊ ಹಿಡಿದು ಮೋಸ ಮಾಡ್ತಾರೆ. ಎದುರಿಗಿರೋರು ಜೀವಂತ ಇದಾರಾ ಅಂತ ನೋಡೋಕೆ ಅದು."

"ನಗದೇ ಇರೋರೆಲ್ಲ ಸತ್ತಿದಾರೆ ಅನ್ನೋದು ತಪ್ಪು ಅನುಮಾನ ಕಣಮ್ಮ."

"ನಿಜ ಮೇಡಂ. ಆದ್ರೆ ಅದು ನಿಮ್ಮ ಹತ್ರ ಓದಿಲ್ಲ. ಇನ್ನೊಂದೇ ಅವಕಾಶ ಇರೋದು. ತಪ್ಪಿದ್ರೆ ಸೋಮವಾರವೇ."

ಮತ್ತೆ ತಿರುಗಿದೆ, ಮಿಟುಕಿಸಿದೆ. 'ನಗಿ' ಎಂಬಲ್ಲಿಗೆ ಬರುವಷ್ಟರಲ್ಲಿ ಪಕ್ಕದಲ್ಲಿದ್ದ ಫೋನ್ ಬಡಿದುಕೊಂಡಿತು. ಯಜಮಾನರು. ಪರದೆಯಿಂದ ಕಣ್ಣು ತೆಗೆಯದೆ ಸ್ಪೀಕರ್ ಒತ್ತಿದೆ.

"ಲೇ, ಗಾಬರಿ ಆಗ್ಬೇಡ. ನಾವಿಬ್ರೂ ಅಂಗಡಿ ಒಳಗಿದೀವಿ."

"ಅಂಗಡಿ ನೋಡೋಕೆ ಹೋದೋರು ಇನ್ನೆಲ್ಲಿರ್ತೀರಿ?"

"ಶಟರ್ ಎಷ್ಟು ಹಗುರ ಅಂತ ತೋರಿಸೋಕೆ ಇವನು ಒಳಗಿಂದ ಎಳೆದ. ಇಳೀತು. ಈಗ ಏಳ್ತಿಲ್ಲ."

ಹಿಂದಿನಿಂದ ಮಾಲೀಕನ ದನಿ: "ಅಕ್ಕಾ, ಶಟರ್ ಎಷ್ಟು ಗಟ್ಟಿ ಅಂತ ನೀವೇ ನೋಡಿ."

"ನೀನು ಸುಮ್ನಿರಯ್ಯ," ಎಂದು ಗದರಿದ ಯಜಮಾನರು ದನಿ ತಗ್ಗಿಸಿದರು. "ಎಲ್ಲಾ ಗೋಡೆನೂ ಮುಟ್ಟಿ ನೋಡ್ದೆ ಕಣೇ, ಕಿಟಕಿ ಇಲ್ಲ. ಯಾರನ್ನಾದ್ರೂ ಕರ್ಕೊಂಡು ಬೇಗ ಬಾ."

ನಾನು ನಕ್ಕೆ. ವರ್ಷಗಟ್ಟಲೆ ಠೇವಣಿಯಲ್ಲಿದ್ದ ನಗು ಬಡ್ಡಿಸಮೇತ ಹೊರಬಿತ್ತು. ಕನ್ನಡಕ ಜಾರಿತು, ಕಣ್ಣಲ್ಲಿ ನೀರು ಬಂತು. ಟ್ಯಾಬ್ಲೆಟ್ ಟಕ್ಕನೆ ಫೋಟೊ ತೆಗೆದು, ಕ್ಷಣಕಾಲ ಯೋಚಿಸಿ ತೀರ್ಪು ಕೊಟ್ಟಿತು: 'ನಿಮ್ಮ ಮುಖ ಗುರುತಿನ ಚೀಟಿಯ ಮುಖಕ್ಕೆ ಹೊಂದುತ್ತಿಲ್ಲ. ಅರ್ಜಿ ತಿರಸ್ಕೃತ.'

ನಾನು ಕರೆದೊಯ್ದ ಮೆಕ್ಯಾನಿಕ್ ಶಟರನ್ನು ಅರ್ಧ ಎತ್ತಿದ. ಯಜಮಾನರು ಅದರಡಿ ಅಂಬೆಗಾಲಿಟ್ಟು ಹೊರಬಂದರು. ಇಸ್ತ್ರಿಯ ಅಂಗಿಗೆ ಬೆನ್ನುದ್ದ ಗ್ರೀಸಿನ ಪಟ್ಟೆ. ಅಡ್ವಾನ್ಸಿನ ಮಾತೆತ್ತಲಿಲ್ಲ. ನಾನೂ ಖಾತೆಯ ಮಾತೆತ್ತಲಿಲ್ಲ. ಆದರೆ ಮನೆಗೆ ಬಂದವರೇ ಟ್ಯಾಬ್ಲೆಟ್ಟಿನಲ್ಲಿ ನನ್ನ ನಗುವಿನ ಫೋಟೊ, ಅದರಡಿಯ 'ತಿರಸ್ಕೃತ' ಎರಡನ್ನೂ ನೋಡಿಬಿಟ್ಟರು.

"ಕೊಡೇ ಇಲ್ಲಿ," ಎಂದು ತಮ್ಮ ಹೆಸರಿನಲ್ಲೇ ಅರ್ಜಿ ತುಂಬಿದರು. ಕಂಡಕ್ಟರು, ಡ್ರೈವರು, ಪ್ರಯಾಣಿಕರೆಂಬ ಭೇದವಿಲ್ಲದೆ ಎಲ್ಲರಿಗೂ ನಕ್ಕು ಅಭ್ಯಾಸವಿದ್ದವರು. ಚಹಾ ಆರುವುದರೊಳಗೆ ಪಾಸಾದರು. ಸೋಮವಾರ ಪೇಟೆ ತೆರೆದೊಡನೆ ಕೊಳ್ಳುವಂತೆ ನಾನು ಹೇಳಿದ ರೀಟ್‌ಗೇ ಆರ್ಡರ್ ಹಾಕಿದರು. ಗೆದ್ದದ್ದು ನನ್ನ ವಾದ, ಮಾಲೀಕರು ಮಾತ್ರ ಅವರು.

ಕೊನೆಯಲ್ಲಿ ನಾಮಿನಿಯ ವಿವರ, ಫೋಟೊ ಸಮೇತ ಕೇಳಿತ್ತು. ನನ್ನ ಹೆಸರು ಬರೆದು, ಆ ತಿರಸ್ಕೃತ ಫೋಟೊವನ್ನೇ ಅಂಟಿಸಿದರು.

"ಅದ್ಯಾಕ್ರೀ? ಬೇರೆ ಒಳ್ಳೆ ಫೋಟೊ ಇದೆಯಲ್ಲ."

"ಇರ್ಲಿ ಬಿಡು. ನಾನು ಹೋದ್ಮೇಲೆ ಇದೆಲ್ಲ ನಿಂದೇ. ಆದ್ರೆ ಕೇಳೋಕೆ ಹೋಗೋವಾಗ ಇದೇ ಮುಖದಲ್ಲಿ ಹೋಗು. ಅಳ್ತಾ ಹೋದ್ರೆ ಗುರುತು ಸಿಗಲ್ಲ."